ತಟ್ಟೆಯಲ್ಲಿ ಉಳಿದದ್ದು

“ಅಜ್ಜಾ, ಇದೆಂತದು? ಥಾಯ್ಲೆಂಡಿಗೆ ಹೋಗಿ ಬರೀ ಎಂಜಲು ತಟ್ಟೆಯ ಫೋಟೋ ತೆಗ್ದಿದ್ದೀರಾ?”

ಪ್ರಣೀತಾ ಕ್ಯಾಮೆರಾವನ್ನು ಟಿ.ವಿ.ಗೆ ಜೋಡಿಸಿ ಒಂದೊಂದೇ ಚಿತ್ರ ಸರಿಸುತ್ತಿದ್ದಳು. ಬರುವ ವಾರ ಅಜ್ಜಿಯ ವರ್ಷಾಂತಿಕ. ಹಾರ ಹಾಕಲು ಇತ್ತೀಚಿನದೊಂದು ಚಿತ್ರ ಬೇಕೆಂದು ಘೋಡಬಂದರ್ ರಸ್ತೆಯ ತನ್ನ ಮನೆಯಿಂದ ಐರೋಲಿಯ ಅಜ್ಜನ ಮನೆಗೆ ಬಂದಿದ್ದಳು. ಕಿಟಕಿಯ ಬಳಿ ಕೂತಿದ್ದ ರಘುಪತಿ ರಾಯರು ಟಿ.ವಿ.ಯತ್ತ ತಿರುಗಲಿಲ್ಲ. ಹೊರಗೆ ಸಮುದ್ರದ ಖಾಡಿಯ ನೀರು ಇಳಿದು, ಸೇತುವೆಯ ಕಂಬಗಳ ಬುಡದಲ್ಲಿ ಕೆಸರು ಬಿಸಿಲಿಗೆ ಮಿನುಗುತ್ತಿತ್ತು. ಆ ಕ್ಯಾಮೆರಾವನ್ನು ಅವರು ಒಂದು ವರ್ಷದಿಂದ ಮುಟ್ಟಿರಲಿಲ್ಲ.

“ಹೋಟೆಲಿನವನ ಅಭ್ಯಾಸ ಮಗಾ. ಎಲ್ಲರೂ ಊಟ ಬಂದಾಗ ಫೋಟೋ ತೆಗೀತಾರೆ, ನನಗೆ ಮುಗಿದ ಮೇಲೆ ನೋಡಬೇಕು.”

“ಅಜ್ಜಿದು ಒಂದೂ ಇಲ್ವಲ್ಲ! ಬುದ್ಧ ಇದ್ದಾನೆ, ದೋಣಿ ಉಂಟು, ಅಜ್ಜಿ ಕಹಾಂ ಹೈ?”

“ಕ್ಯಾಮೆರಾ ಎತ್ತಿದರೆ ಸಾಕು, ‘ಈ ಪ್ರಾಯದಲ್ಲಿ ನನ್ನದೆಂತ ತೆಗೆಯುದು’ ಅಂತ ಆಚೆ ತಿರುಗುವಳು.”

ಡೊಂಬಿವಲಿಯ ಹೋಟೆಲಿನಲ್ಲಿ ನಲವತ್ತು ವರ್ಷ, ಮಧ್ಯಾಹ್ನದ ಗಿರಾಕಿ ಕರಗುವ ಹೊತ್ತಿಗೆ ರಾಯರು ಗಲ್ಲಾ ಬಿಟ್ಟೆದ್ದು, ತಟ್ಟೆ ತೊಳೆಯುವಲ್ಲಿ ಹೋಗಿ ನಿಲ್ಲುತ್ತಿದ್ದರು. ಬಟ್ಟಲಿನಲ್ಲಿ ಸಾಂಬಾರು ಉಳಿದಿದ್ದರೆ ಉಪ್ಪು ಹೆಚ್ಚಾಗಿದೆ, ಪಲ್ಯ ಉಳಿದಿದ್ದರೆ ತರಕಾರಿ ಬಲಿತಿದೆ. ಕೇಳಿದರೆ ಗಿರಾಕಿ ದಾಕ್ಷಿಣ್ಯಕ್ಕೆ ಚೆನ್ನಾಗಿತ್ತು ಎಂದುಬಿಡುತ್ತಾನೆ. ತಟ್ಟೆಗೆ ದಾಕ್ಷಿಣ್ಯವಿಲ್ಲ ಎಂಬುದು ಅವರ ನಂಬಿಕೆ. ಅವರ ಸ್ವಂತ ಊಟ ಮೂರು ಗಂಟೆಗೆ, ಹೋಟೆಲಿನ ಒಲೆಯ ಪಕ್ಕದಲ್ಲಿ, ನಿಂತೇ. ರಾತ್ರಿಯದೂ ಅಲ್ಲಿಯೇ. ಹೆಂಡತಿ ಮುಕ್ತಾಳ ಊಟ ಮನೆಯಲ್ಲಿ, ಮಗನ ಜೊತೆ, ಆಮೇಲೆ ಮೊಮ್ಮಗಳ ಜೊತೆ. ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಮದುವೆಯಾದ ವರ್ಷ ಆಡಿದ್ದ ‘ಒಮ್ಮೆ ವಿಮಾನದಲ್ಲಿ ಕರಕೊಂಡು ಹೋಗ್ತೇನೆ’ ಎಂಬ ಮಾತನ್ನು ಕೊನೆಗೂ ನಡೆಸಿದಾಗಲೇ ಗಂಡಹೆಂಡಿರು ಒಂದೇ ಮೇಜಿಗೆ ಎದುರುಬದುರು ಕೂತು ಉಂಡದ್ದು. ಹನ್ನೊಂದು ದಿನ. ಮರಳಿ ಬಂದ ವಾರದಲ್ಲೇ ಮುಕ್ತಾ ಹೋಗಿಬಿಟ್ಟಳು.

“ಅವಳಿಗೆ ಅಲ್ಲಿಯದು ಯಾವುದೂ ಹಿಡಿಸಲಿಲ್ಲ,” ರಾಯರ ದನಿ ತಗ್ಗಿತು. “ನೋಡು, ಅವಳ ಒಂದು ತಟ್ಟೆಯಾದರೂ ಖಾಲಿ ಆಗಿದೆಯಾ? ಮಾಂಸ ಮೀನು ಇಲ್ಲದ ಜಾಗ ಹುಡುಕಿ ಹುಡುಕಿ ದಿನಕ್ಕೊಂದು ಹೋಟೆಲಿಗೆ ಕರಕೊಂಡು ಹೋದೆ. ಹೇಗುಂಟು ಕೇಳಿದ್ರೆ ‘ಲಾಯ್ಕುಂಟು’ ಅನ್ನುವಳು, ಉಳಿಸುವಳು. ನಲವತ್ತು ವರ್ಷ ಕಾಯಿಸಿ ತಿರುಗಿಸಿದ ಊರು ಒಂದು. ಅದೂ ಅವಳಿಗೆ ರುಚಿಸಲಿಲ್ಲ ಅಂತ ನನಗೊಂದು ಕೊರಗು, ಮಗಾ.”

ಪ್ರಣೀತಾ ಒಂದು ಚಿತ್ರವನ್ನು ಹಿಗ್ಗಿಸಿದಳು, ಹಿಂದಿನದಕ್ಕೆ ಹೋದಳು, ಮತ್ತೆ ಮುಂದಿನದಕ್ಕೆ. ಆಮೇಲೆ ಥಟ್ಟನೆ ನಕ್ಕುಬಿಟ್ಟಳು.

“ಅರೇ ಅಜ್ಜಾ! ಉಳಿಸಿದ್ದು ಎಂತ ಅಂತ ನೋಡಿದ್ರಾ? ಅನಾನಸು ಅನ್ನದಲ್ಲಿ ಅನ್ನ ಒಂದು ಅಗುಳಿಲ್ಲ, ಮೂರು ಗೋಡಂಬಿ ಇದೆ. ಇಲ್ಲಿ ಮಾವಿನಹಣ್ಣು, ನಡುವಿನ ಹೋಳು. ಯೇ ತೋ ಬೆಸ್ಟ್‌ವಾಲಾ ಪೀಸ್ ಹೈ! ಹಿಡಿಸದವರು ಹೀಗೆ ಉಳಿಸ್ತಾರಾ?”

“ಮತ್ತೆ?”

“ನನಗೂ ಹಾಗೇ ಮಾಡ್ತಿದ್ರು. ದೋಸೆಯ ಗರಿಗರಿ ಅಂಚು, ಕೇಸರಿಬಾತಿನ ದ್ರಾಕ್ಷಿ, ಎಲ್ಲ ಕೊನೆಗೆ ಇಟ್ಟು, ತಟ್ಟೆ ಮೆಲ್ಲ ನನ್ನ ಕಡೆ ದೂಡ್ತಿದ್ರು. ತಿನ್ನು ಅಂತ ಬಾಯಲ್ಲಿ ಹೇಳ್ಲಿಕ್ಕಿಲ್ಲ. ಬಸ್, ತಟ್ಟೆ ಬರ್ತಿತ್ತು. ಪಪ್ಪನಿಗೂ ಹಾಗೇ ಅಂತೆ. ನಿಮಗೆ ಗೊತ್ತೇ ಇಲ್ವಾ?”

“ನನಗೆ ಯಾರು ಹೇಳಿದ್ರು?”

“ನೀವು ಮನೆಯಲ್ಲಿ ಊಟಕ್ಕೆ ಯಾವಾಗ ಕೂತದ್ದು, ಅಜ್ಜಾ?” ಎಂದವಳು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. “ಹೋಗ್ಲಿ, ಆ ಪೀಸ್ ಎಲ್ಲ ನೀವು ತಿಂದ್ರಿ ತಾನೇ?”

ರಾಯರು ಎದ್ದರು. ಕನ್ನಡಕ ಏರಿಸಿಕೊಂಡು, ಎಂದೋ ತಟ್ಟೆಗಳ ಮುಂದೆ ಬಗ್ಗುತ್ತಿದ್ದಂತೆಯೇ ಟಿ.ವಿ.ಯ ಮುಂದೆ ಬಗ್ಗಿ ನಿಂತರು. ಅಲ್ಲಿ ದಿನವೂ ಚಿತ್ರ ತೆಗೆದು, ತಟ್ಟೆ ಕೊಂಡುಹೋಗೆಂದು ಮಾಣಿಗೆ ಸನ್ನೆ ಮಾಡುತ್ತಿದ್ದ ತಮ್ಮ ಕೈ ನೆನಪಾಯಿತು. ಗೋಡಂಬಿಗಳು ತಟ್ಟೆಯ ಈಚೆ ಬದಿಯಲ್ಲಿದ್ದವು. ಮಾವಿನ ಹೋಳು ಈಚೆ ಬದಿಯಲ್ಲಿತ್ತು. ದಿನ ಕಳೆದಂತೆ ತಟ್ಟೆಯೂ ಮೇಜಿನ ನಡುವನ್ನು ದಾಟಿ, ಚಿತ್ರ ತೆಗೆಯುವವನತ್ತ ಇಷ್ಟಿಷ್ಟೇ ಸರಿದು ಬಂದಿತ್ತು.

ಕೊನೆಯದು ನದಿಯ ದಂಡೆಯ ಅಂಗಡಿಯದು. ಕರಿದ ಬಾಳೆಹಣ್ಣಿನ ಒಂದೇ ತುಂಡು, ತುದಿ ಕೆಂಪಗೆ ಗರಿಗರಿಯಾದದ್ದು. ತಟ್ಟೆಯ ಆಚೆ ಅಂಚಿನಲ್ಲಿ ಮಸುಕಾದ ನಾಲ್ಕು ಬೆರಳು, ಹಸಿರು ಬಳೆಯ ಒಂದು ಅರೆವೃತ್ತ.

“ಇದ್ರಲ್ಲಿ ಅಜ್ಜಿ ಇದ್ದಾರೆ!” ಪ್ರಣೀತಾ ಪರದೆಯನ್ನು ಮುಟ್ಟಿದಳು. “ಬಾಕಿ ಒಂದರಲ್ಲೂ ಯಾಕೆ ಕೈ ಕಾಣುದಿಲ್ಲ?”

ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಹನ್ನೊಂದು ದಿನವೂ ತಪ್ಪದೆ ತಾವೇ ಆಡಿದ್ದ ಮಾತು, ಈಗ ಇನ್ನಾರದೋ ದನಿಯಂತೆ ರಾಯರಿಗೆ ಕೇಳಿಸಿತು:

“ಕೈ ತೆಗಿ ಮುಕ್ತಾ, ಫೋಟೋದಲ್ಲಿ ಬರ್ತದೆ.”