ಒಂದು ತಂಬಿಗೆ ನೀರು

ದಾರಿಬದಿಯ ತನ್ನ ಮನೆಯಂಗಳದಲ್ಲಿ, ಕೆಟ್ಟ ಕಾರಿನ ಬಾನೆಟ್ ಅಡಿಯ ಹಬೆ ಆರಿದ ಮೇಲೆ, ಮೆಕ್ಯಾನಿಕ್ ರಾಡೆ ವಾಟರ್ ಪಂಪಿನ ಕೆಳಗೆ ಬೆರಳಾಡಿಸಿ, ಕೈಗಂಟಿದ ಹಸಿರು ಹಕ್ಕಳೆಯನ್ನು ವೆಲ್ಕೊನ ಮೂಗಿಗೆ ಹಿಡಿದ. "ಇದು ಇವತ್ತು ನಿನ್ನೆ ಸೋರಿದ್ದಲ್ಲಪ್ಪ. ತಿಂಗಳಿಂದ ಇಂಜಿನ್ ತಣ್ಣಗಿಡೋ ಕೂಲೆಂಟ್ ಸೋರಿ ಸೋರಿ, ಈಗ ಇಂಜಿನ್ನೇ ಹೋಯ್ತು. ದಿನಾ ಗಾಡಿ ತೆಗೆದ ಜಾಗ ಒದ್ದೆ ಇರ್ತಿತ್ತಲ್ಲ, ಕಣ್ಣಿಗೇನು ಮಣ್ಣು ಬಿದ್ದಿತ್ತಾ?"

"ಒದ್ದೆ ಇರ್ತಿತ್ತು," ಎಂದ ವೆಲ್ಕೊ. "ಅಮ್ಮ ಸುರಿದ ನೀರು ಅಂದ್ಕೊಂಡೆ."

ಹಿಂದಿನ ಸೀಟಿನಲ್ಲಿ ತಾಯಿ ಸ್ತಾನಿಯಾ ಪ್ಲಮ್ ಜಾಮಿನ ಜಾಡಿಯನ್ನು ಮಡಿಲಿಗೆ ಅವುಚಿಕೊಂಡಳು. ನಿಶ್ ನಗರದ ಆಸ್ಪತ್ರೆಯಲ್ಲಿ ಮಲಗಿದ್ದ ತನ್ನ ತಂಗಿಯನ್ನು ನೋಡಲು ಮಗ ದಿನಾ ಹೊರಟಾಗಲೂ, ಕಾರು ನಿಂತಿದ್ದ ಜಾಗಕ್ಕೆ ಅವಳು ಒಂದು ತಂಬಿಗೆ ನೀರು ಸುರಿಯುತ್ತಿದ್ದಳು. ಹೋದ ಕೆಲಸ ನೀರು ಹರಿದಷ್ಟು ಸಲೀಸಾಗಲಿ ಎಂದು ಆ ಸೀಮೆಯವರೆಲ್ಲ ಮಾಡುವ ವಾಡಿಕೆ ಅದು. ಇವತ್ತು ತಂಗಿಗೆ ಕಡೇ ದಿನ ಎಂದು ಡಾಕ್ಟರು ಹೇಳಿದ್ದರಿಂದ ತಾನೂ ಹೊರಟಿದ್ದಳು. ಆಗಲೂ ಕಾರನ್ನು ಗೇಟಿನಾಚೆ ನಿಲ್ಲಿಸಲು ಹೇಳಿ, ನೀರು ಸುರಿದೇ ಹತ್ತಿದ್ದಳು.

ವೆಲ್ಕೊನಿಗೆ ಆಸ್ಪತ್ರೆಯಿಂದ ಫೋನ್ ಬಂತು. ಕೇಳಿಸಿಕೊಂಡು ಫೋನನ್ನು ಜೇಬಿಗಿಟ್ಟ.

"ಹೋಗಿ ಎಷ್ಟೊತ್ತಾಯ್ತಂತೆ?" ಎಂದಳು ಸ್ತಾನಿಯಾ.

"ಈಗಷ್ಟೇ ಅಂತಮ್ಮ. ಚಿಕ್ಕಮ್ಮ ಬಾಗಿಲು ಕಡೆನೇ ನೋಡ್ತಿದ್ಲಂತೆ."

ಕಣ್ಣಿಗೆ ಮಣ್ಣು ಬಿದ್ದಿತ್ತಾ ಅಂದದ್ದಕ್ಕೆ ನಾಚಿದ ರಾಡೆ ತನ್ನ ವ್ಯಾನನ್ನೇ ತಂದು ಇಬ್ಬರನ್ನೂ ಹತ್ತಿಸಿಕೊಂಡ. ಏನೂ ತಿಳಿಯದ ಅವನ ಹೆಂಡತಿ, ಪ್ರಯಾಣ ಹೊರಟವರನ್ನು ಕಂಡು ಅಭ್ಯಾಸಬಲದಿಂದ, ತುಂಬಿದ ತಂಬಿಗೆ ಹಿಡಿದು ಅಂಗಳಕ್ಕೆ ಓಡಿ ಬಂದಳು. ಸ್ತಾನಿಯಾ ಕಿಟಕಿಯಿಂದ ಕೈ ಚಾಚಿ ಅವಳ ಮಣಿಕಟ್ಟು ಹಿಡಿದಳು.

"ಸುರೀಬೇಡ ಕಣಮ್ಮ. ನೆಲ ಒಣಗಿರ್ಲಿ, ಸೋರೋದು ಕಾಣ್ಲಿ."