ಬೆನೆಡಿಕ್ಟನ ಎರಡು ಪೆಟ್ಟು

ಗೆಳೆಯ ಬೆನೆಡಿಕ್ಟನ ಶವಪೆಟ್ಟಿಗೆಯ ಪಕ್ಕ ನಿಂತು ಮೋಹನದಾಸ್ ಸ್ಯಾಕ್ಸೋಫೋನನ್ನು ತುಟಿಗಿಟ್ಟ. ಕಾವೂರಿನ ಚುನಾವಣಾ ಸಭೆಯಿಂದ ನೇರ ಇಗರ್ಜಿಗೆ ಬಂದಿದ್ದ. ಪಕ್ಷದ ಶಾಲು ಹೆಗಲಲ್ಲೇ ಇತ್ತು.

“ಎಂತ ಮಾರಾಯ, ಇಲ್ಲಿಯೂ ಆ ಶಾಲು?” ಎಂದು ಬೆನೆಡಿಕ್ಟನ ತಮ್ಮ ಮರ್ವಿನ್ ಸಿಡುಕಿದ.

“ಇರಲಿ ಬಿಡು,” ಎಂದಳು ಬೆನೆಡಿಕ್ಟನ ಹೆಂಡತಿ ಮಗ್ದಲೀನ್. “ಆ ಶಾಲಿನವನ ಹತ್ತಿರ ದಿನಾ ರಾಜಕೀಯದ ಜಗಳ ಮಾಡದೆ ನಿನ್ನ ಅಣ್ಣನಿಗೆ ಊಟ ಸೇರ್ತಿರಲಿಲ್ಲ.”

ದೇವಸ್ಥಾನದ ಉತ್ಸವವಿರಲಿ, ಇಗರ್ಜಿಯ ಮದುವೆಯಿರಲಿ, ಮೋಹನದಾಸನ ಸ್ಯಾಕ್ಸೋಫೋನಿಗೆ ಬೆನೆಡಿಕ್ಟನದೇ ಡ್ರಮ್. ಪ್ರತಿ ಸಾಲಿನ ಕೊನೆಗೆ ಅವನು ಎರಡು ಪೆಟ್ಟು ಹಾಕುತ್ತಿದ್ದ. ಈಗಲೂ ಮೋಹನದಾಸ್ ಮೊದಲ ಸಾಲು ನುಡಿಸಿ, ರೂಢಿಯಂತೆ ಆ ಪೆಟ್ಟಿಗಾಗಿ ನಿಂತ. ಇಗರ್ಜಿಯಲ್ಲಿ ಸದ್ದೇ ಇಲ್ಲ. ಅವನ ಕಣ್ಣು ತುಂಬಿತು.

ಮಗ್ದಲೀನ್ ಕೈ ಚಾಚಿ ಶವಪೆಟ್ಟಿಗೆಯನ್ನೇ ಎರಡು ಸಲ ಕುಟ್ಟಿದಳು. ಎರಡನೇ ಸಾಲಿನ ಕೊನೆಗೆ ಇಗರ್ಜಿಯ ಬೆಂಚುಗಳೆಲ್ಲ ಡ್ರಮ್ಮಾದವು. ಮರ್ವಿನನ ಪೆಟ್ಟೇ ಎಲ್ಲರಿಗಿಂತ ಜೋರಾಗಿತ್ತು.