ಹೇಳಿದಷ್ಟೇ ಬರೆಯಬೇಕು

“ಹೋದ ಸಲ ಬಂದಾಕಿ ನನ್ನ ಫೇಲ್ ಮಾಡಿಸಿ ಹೋದಳು. ನೀ ಏನು ಮಾಡಾಕಿ?”

ರಚನಾ ಇನ್ನೂ ಕುರ್ಚಿ ಎಳೆದುಕೊಂಡಿರಲಿಲ್ಲ. ಮೇಜಿನ ಆಚೆ ಕುಳಿತ ಹಯವದನ ಅವಳ ಹೆಜ್ಜೆಯ ಸದ್ದಿಗೇ ಮುಖ ಗಂಟು ಹಾಕಿದ್ದ. ಐವತ್ತರ ಆಸುಪಾಸು, ಕಪ್ಪು ಕನ್ನಡಕ. ಎರಡೂ ಕಣ್ಣು ಕಾಣಿಸದು. ಅವನು ಪರೀಕ್ಷೆಯ ಉತ್ತರ ಹೇಳಬೇಕು, ಅವನ ಪರವಾಗಿ ಅವಳು ಬರೆಯಬೇಕು. ವಡೋದರಾದ ಆ ಅಂಧರ ಸಂಸ್ಥೆಗೆ ಅವಳು ಬಂದದ್ದೇ ಅದಕ್ಕೆ.

ಬಂದದ್ದು ಅನ್ನುವುದಕ್ಕಿಂತ ಕಾಲೇಜು ಅಟ್ಟಿದ್ದು ಅನ್ನಬೇಕು. ಎರಡನೇ ವರ್ಷದ ಬಿ.ಕಾಂ.ನವರು ಅರವತ್ತು ಗಂಟೆ ಸಮಾಜಸೇವೆ ಮಾಡಿದ ಪತ್ರ ತರದಿದ್ದರೆ ಹಾಲ್ ಟಿಕೆಟ್ ಇಲ್ಲ. ಗಿಡ ನೆಡುವುದು, ರಕ್ತದಾನ ಶಿಬಿರ, ಕೊಳೆಗೇರಿಯ ಮಕ್ಕಳಿಗೆ ಪಾಠ, ಎಲ್ಲವೂ ಭರ್ತಿಯಾಗಿದ್ದವು. ಉಳಿದದ್ದು ಇದೊಂದೇ. ಫ್ಯಾನಿನ ಕೆಳಗೆ ಕೂತು ಬರೆಯುವುದು ಏನು ಮಹಾ ಎಂದು ಅವಳು ಹೆಸರು ಕೊಟ್ಟಿದ್ದಳು.

ಬೆಳಿಗ್ಗೆ ಸಂಸ್ಥೆಯ ತನ್ವಿಬೆನ್ ಬರೆಯಲು ಬಂದ ಹನ್ನೊಂದು ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಹಿಂದಿಯಲ್ಲಿ ಐದೇ ನಿಮಿಷ ಮಾತಾಡಿದ್ದರು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ, ಒಂದಕ್ಷರ ಸೇರಿಸಬೇಡಿ, ಒಂದಕ್ಷರ ಬಿಡಬೇಡಿ. ಎಲ್ಲರೂ ತಲೆಯಾಡಿಸಿದ್ದರು. ಆಮೇಲೆ ಒಬ್ಬೊಬ್ಬರನ್ನೂ ಒಂದೊಂದು ಕೋಣೆಗೆ ಕಳಿಸಿ ಬಾಗಿಲು ಮುಚ್ಚಿಸಿದರು. ಮೇಲ್ವಿಚಾರಣೆಗೆ ಯಾರೂ ಒಳಗೆ ಬರಲಿಲ್ಲ.

“ಕನ್ನಡದಾಕಿ ಅಂತ ತನ್ವಿ ಹೇಳ್ಯಾಳ. ಯಾವೂರು?”

“ಪಪ್ಪಾದು ಹಾಸನ್. ರೈಲ್ವೆ. ನಾನು ಇಲ್ಲೇ ಬಾರ್ನ್, ಅಂಕಲ್.”

“ಇದು ಕನ್ನಡೇನು? ಬಾಯಾಗ ಒಂದೂ ಭಾಷಾ ನೆಟ್ಟಗಿಲ್ಲ. ಕೈಯರ ಹೆಂಗದನೋ ಏನೋ.”

ಹೀಗೆ ಶುರುವಾಯಿತು. ಉತ್ತರಗಳು ಇಂಗ್ಲಿಷಿನಲ್ಲಿ, ಬೈಗುಳ ಧಾರವಾಡದ ಕನ್ನಡದಲ್ಲಿ. ಪೆನ್ನಿನ ಸದ್ದಿಗೇ ಅವನು ಕಿವಿ ನೆಟ್ಟಿದ್ದ. “ಇಷ್ಟುದ್ದ ನಾ ಹೇಳಿಲ್ಲ, ಏನು ಬರದೀ?” ಅವಳು ಉಸಿರೆಳೆದುಕೊಂಡರೂ ತಪ್ಪು. “ಬ್ಯಾಸರ ಬಂತೇನು? ಎದ್ದು ಹೋಗು. ಸೇವಾ ಮಾಡ್ಲಿಕ್ಕೆ ಬಂದಾರಂತ, ಸೇವಾ! ಸರ್ಟಿಫಿಕೇಟಿಗೆ ಬಂದೀರಿ, ನನಗ ಗೊತ್ತಿಲ್ಲೇನು?”

ಮಾತು ನಿಜವಾಗಿದ್ದರಿಂದಲೇ ಅವಳಿಗೆ ಚುರುಕ್ಕೆಂದಿತು. ಇಷ್ಟು ದುರಹಂಕಾರದ ಮನುಷ್ಯನನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅರ್ಧ ಗಂಟೆಯಾದ ಮೇಲೆ ಅವನ ದನಿ ಒಮ್ಮೆ ತಗ್ಗಿತು. “ಇದು ನಂದು ಕಡೀ ಸಲ. ಈ ಪೇಪರ್ ಹೋತಂದ್ರ ಡಿಗ್ರಿ ಇಲ್ಲ. ಡಿಗ್ರಿ ಇಲ್ಲಂದ್ರ ನೌಕರಿ ಖಾಯಂ ಆಗಂಗಿಲ್ಲ.”

ರಚನಾಗೆ ಪಾಪ ಅನ್ನಿಸಿತು. ಅಷ್ಟರಲ್ಲಿ ಅವನು ಮೇಜು ಗುದ್ದಿದ. “ಮಂಗ್ಯಾನಂಗ ಕೂಡಬ್ಯಾಡ, ಬರಿ. ದಂಡಿ ಯಾತ್ರೆ ಸೂರತ್ತಿನಿಂದ ಹೊರಟಿತು.”

ಪೆನ್ನು ನಿಂತಿತು. ಗುಜರಾತಿನಲ್ಲಿ ಶಾಲೆ ಕಲಿತ ಯಾವ ಮಗುವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತದೆ, ಅದು ಹೊರಟದ್ದು ಅಹಮದಾಬಾದಿನ ಸಾಬರಮತಿ ಆಶ್ರಮದಿಂದ. ಒಂದು ಪದ ಬದಲಿಸಿದರೆ ಸಾಕು. ಅವನಿಗೆ ಗೊತ್ತೂ ಆಗುವುದಿಲ್ಲ.

“ಬರದೇನು?”

“ಅಂಕಲ್, ಅದು…”

“ನಿನ್ನ ಶಾಣ್ಯಾತನ ಯಾರು ಕೇಳ್ಯಾರ? ಬಿ.ಕಾಂ. ಓದೋ ದಡ್ಡಿಗೆ ಇತಿಹಾಸ ಏನು ತಿಳೀತದ?”

ಅವಳ ಮೈಯೆಲ್ಲ ಉರಿದುಹೋಯಿತು. ಆಯಿತು, ಮುಳುಗು, ಎಂದುಕೊಂಡಳು. ಸೂರತ್ ಎಂದು ದುಂಡಗೆ ಬರೆದಳು.

ಆಮೇಲೆ ಪಾಣಿಪತ್ತಿನ ಮೊದಲ ಯುದ್ಧ ಮೂವತ್ತು ವರ್ಷ ತಡವಾಗಿ ನಡೆಯಿತು. ಪ್ಲಾಸಿಯಲ್ಲಿ ಮರಾಠರು ಗೆದ್ದರು. ಪ್ರತಿ ತಪ್ಪಿಗೂ ಅವನು ತಲೆ ವಾಲಿಸಿ “ಬರದೇನು?” ಎನ್ನುತ್ತಿದ್ದ. “ಬರ್ದೆ ಅಂಕಲ್” ಎಂದು ಅವಳು ನಯವಾಗಿ ಹೇಳುತ್ತಿದ್ದಳು. ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಹೊರಗೆ ಬಂದಾಗ ಸಹಪಾಠಿ ಕಿಶೋರ್ ಪಡಸಾಲೆಯಲ್ಲಿ ಎದೆಯುಬ್ಬಿಸಿ ನಿಂತಿದ್ದ. “ನಮ್ಮವರದ್ದು ನಾಲ್ಕು ಆನ್ಸರ್ ಸೈಲೆಂಟಾಗಿ ಸರಿ ಮಾಡ್ದೆ, ಯಾರ್. ಪಾಪ, ಪಾಸಾಗಲಿ.” ಉಳಿದವರೂ ಅದನ್ನೇ ಹೇಳಿದರು. ಎಲ್ಲರ ಮುಖದಲ್ಲೂ ಪುಣ್ಯ ಕಟ್ಟಿಕೊಂಡ ಕಳೆ.

“ನೀನು?” ಎಂದ ಕಿಶೋರ್.

“ನಾನೂ” ಎಂದಳು ರಚನಾ. ಸುಳ್ಳು ಹೇಳಿ ಅವನ ಮುಖ ನೋಡಲಾಗಲಿಲ್ಲ.

ಸಂಜೆ ಅವಳು ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. ಬೈದದ್ದು ನಿಜ. ಆದರೆ ನಾಲ್ಕು ಬೈಗುಳಕ್ಕೆ ಒಬ್ಬನ ಅನ್ನ ಕಿತ್ತುಕೊಳ್ಳುವುದೇ? ಕಿಶೋರನಂಥ ಉಡಾಳನಿಗೂ ಕರುಳು ಚುರುಕ್ ಅಂದಿತ್ತು, ಅವಳಿಗೆ ಅನ್ನಲಿಲ್ಲ. ತಾನು ಇಷ್ಟು ಕೆಟ್ಟವಳೆಂದು ಅವಳಿಗೇ ಗೊತ್ತಿರಲಿಲ್ಲ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಕಾಲೇಜಿಗೂ ಹೋಗದೆ ನೇರ ತನ್ವಿಬೆನ್ ಅವರ ಕೋಣೆಗೆ ನುಗ್ಗಿದಳು. ಅಲ್ಲೇ ಹಯವದನ ಚಹಾ ಕುಡಿಯುತ್ತ ಕುಳಿತಿದ್ದ. ಅವಳು ಬಾಗಿಲಲ್ಲೇ ನಿಂತಳು. ಹಿಂತಿರುಗಿ ಹೋಗಬಹುದಿತ್ತು, ಅವನಿಗೇನೂ ಕಾಣಿಸುತ್ತಿರಲಿಲ್ಲ. ಹೋಗಲಿಲ್ಲ.

“ಅಂಕಲ್, ನಾನು ರಚನಾ. ಸೂರತ್ ರಾಂಗ್ ಅಂತ ಗೊತ್ತಿತ್ತು. ಪಾಣಿಪತ್ ಕೂಡ. ಸರಿ ಮಾಡಬಹುದಿತ್ತು, ಮಾಡಲಿಲ್ಲ. ನೀವು ಬೈದಿರಿ ಅಂತ ಗುಸ್ಸಾ ಬಂತು, ಬೇಕಂತಲೇ ಹಾಗೇ ಬರ್ದೆ. ನಿಮ್ಮ ಜಾಬ್ ಹೋದ್ರೆ ತಪ್ಪು ನಂದೇ.” ತನ್ವಿಬೆನ್ ಕಡೆ ತಿರುಗಿ ಅದನ್ನೇ ಹಿಂದಿಯಲ್ಲಿ ಹೇಳಿದಳು. “ನನ್ನ ಗಂಟೆಗಳನ್ನು ರದ್ದು ಮಾಡಿ. ಹಾಲ್ ಟಿಕೆಟ್ ಸಿಗದಿದ್ದರೂ ಪರವಾಗಿಲ್ಲ.”

ಹಯವದನ ಲೋಟ ಕೆಳಗಿಟ್ಟ. ಮುಖದ ಗಂಟು ಒಂದಿಷ್ಟೂ ಸಡಿಲವಾಗಲಿಲ್ಲ.

“ನಾ ಇಲ್ಲಿ ಇಪ್ಪತ್ತು ವರ್ಷದಿಂದ ಇತಿಹಾಸದ ಮಾಸ್ತರ, ನಿನ್ನಿ ಪರೀಕ್ಷಾ ನಂದಲ್ಲ, ನಿಮ್ಮದಿತ್ತು,” ಎಂದ ಅವನು. “ಹನ್ನೊಂದು ಮಂದ್ಯಾಗ ಹೇಳಿದ್ದನ್ನ ಹೇಳಿದಂಗ ಬರದು ಪಾಸಾದಾಕಿ ನೀ ಒಬ್ಬಾಕಿ. ಸೋಮವಾರ ನಮ್ಮ ಹುಡುಗರ ಖರೇ ಪರೀಕ್ಷಾ ಅದ, ಎಂಟಕ್ಕ ಬಾ, ಸಿಟ್ಟು ಹಂಗ ಇರಲಿ.”